ಬಿದ್ದರೆ ಐದು ಎಣಿಸಿ ಏಳು

ಸಿ ತೈಯೆಬ್ ಅವತ್ತು ಟೈ ಕಟ್ಟಿಕೊಂಡು ಬಂದಿದ್ದ. ಕಚೇರಿಯ ಇಂಜಿನಿಯರು ನೌಫೆಲ್‌ಗೆ ಅವನನ್ನು ಕೀಳಾಗಿ ಕಾಣಲು ಅಷ್ಟು ಸಾಕಾಯಿತು. ವರ್ಷವಿಡೀ ಮೀನೆಣ್ಣೆಯ ಕಲೆಯಿರುವ ಅದೇ ಕಂದು ಕೋಟಿನಲ್ಲಿ ಓಡಾಡುವ ಈ ಬಂದರು ಕಚೇರಿಯ ಮುಖ್ಯಸ್ಥ, ಟ್ಯೂನಿಸ್‌ನಿಂದ ವಿಚಾರಣೆಗೆ ಒಬ್ಬ ಅಧಿಕಾರಿ ಬರುತ್ತಾಳೆಂದು ಗೊತ್ತಾದದ್ದೇ ತಡ, ಮಗಳ ಮದುವೆಗೆ ಕೊಂಡಿದ್ದ ನೀಲಿ ಟೈಯನ್ನು ಕುತ್ತಿಗೆಗೆ ಬಿಗಿದುಕೊಂಡಿದ್ದಾನೆ. ಗಾಜು ಕಂಡಲ್ಲೆಲ್ಲ ನಿಂತು ಗಂಟು ಮುಟ್ಟಿ ನೋಡಿಕೊಳ್ಳುತ್ತಾನೆ. ಗುಮಾಸ್ತೆ ಸಲ್ವಾ ಅಧಿಕಾರಿಗೊಂದು ಬಗೆ, ಉಳಿದವರಿಗೊಂದು ಬಗೆ ಎಂದು ಎರಡು ತಟ್ಟೆಯಲ್ಲಿ ಬಿಸ್ಕತ್ತು ಜೋಡಿಸಿ, ಯಾವುದು ಯಾರದೆಂದು ಮರೆತು, ಈಗ ಎರಡನ್ನೂ ಮೂಸಿ ನೋಡುತ್ತಿದ್ದಾಳೆ. ಇಂಥವರ ಕೈಗೆ ಸಮುದ್ರವನ್ನು ಕೊಟ್ಟವರು ಯಾರು ಎಂದುಕೊಂಡ ನೌಫೆಲ್. ಹಾಗೆಂದುಕೊಳ್ಳುತ್ತಿದ್ದಾಗಲೇ, ಇನ್ನೇನು ತನ್ನನ್ನೂ ಒಳಗೆ ಕರೆಯುತ್ತಾರೆ, ಯಂತ್ರದ ಬಗ್ಗೆ ಒಂದು ಮಾತು ಕೇಳುತ್ತಾರೆ, ತಾನೊಂದು ಉತ್ತರ ಕೊಡಬೇಕಾಗುತ್ತದೆ ಎಂಬುದು ಹಲ್ಲಿನ ಸಂದಿಗೆ ಸಿಕ್ಕ ನಾರಿನ ಹಾಗೆ ಮತ್ತೆ ಮತ್ತೆ ನಾಲಿಗೆಗೆ ತಾಗಿತು. ಎದ್ದು ಯಂತ್ರದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

ಕೋಣೆ ಎಂದರೆ ಹಿಂದೆ ಪೊರಕೆ, ಬಕೆಟ್ಟು ಇಡುತ್ತಿದ್ದ ಗೂಡು. ಈಗ ಅಲ್ಲಿ ಕಬ್ಬಿಣದ ಕಪಾಟು, ಅದರೊಳಗೆ ಒಂದೇ ಸಮನೆ ಗೊರಗುಟ್ಟುವ ಕಪ್ಪು ಯಂತ್ರ, ಪಕ್ಕದಲ್ಲೊಂದು ಸಣ್ಣ ಪರದೆ. ದೋಣಿಯವರು ಸಮುದ್ರದಿಂದ ರೇಡಿಯೋದಲ್ಲಿ ಕೂಗಿದರೆ ಆ ದನಿ ಗೋಪುರದ ಮೇಲಿನ ಆಂಟೆನಾದಿಂದ ಮೊದಲು ಈ ಯಂತ್ರಕ್ಕೆ ಬಂದು, ಇಲ್ಲಿಂದ ಗೋಡೆಯಾಚೆ ರೇಡಿಯೋ ಕಾಯುತ್ತ ಕೂತ ಮುದುಕ ಮೊಂಜಿಯ ಸ್ಪೀಕರಿಗೆ ಹೋಗಬೇಕು. ಹಿಂದೆ ಹೀಗಿರಲಿಲ್ಲ. ಮೊಂಜಿಯ ಮೇಜಿನ ಮೇಲೆ ಒಂದು ಬೂದು ಬಣ್ಣದ ರೇಡಿಯೋ ಪೆಟ್ಟಿಗೆ ಇತ್ತು, ಆಂಟೆನಾದ ತಂತಿ ನೇರ ಅದಕ್ಕೇ ಬರುತ್ತಿತ್ತು. ಅದನ್ನು ತೆಗೆಸಿ ಉಗ್ರಾಣಕ್ಕೆ ಹಾಕಿಸಿದವನು ನೌಫೆಲ್. ಮ್ಯೂಸಿಯಂಗೆ ಕಳಿಸಿ ಎಂದು ಸಭೆಯಲ್ಲಿ ಹೇಳಿದ್ದ, ಎಲ್ಲರೂ ನಕ್ಕಿದ್ದರು, ಮೊಂಜಿ ಕೂಡ ಎರಡು ಕ್ಷಣ ತಡವಾಗಿ ನಕ್ಕಿದ್ದ. ಯಾವ ಯಂತ್ರ, ಅದರೊಳಗೆ ರೇಡಿಯೋ ದನಿ ಹಿಡಿಯುವ ಯಾವ ಕಾರ್ಡು, ಎಲ್ಲವನ್ನೂ ಆರಿಸಿದವನು ನೌಫೆಲ್‌ನೇ. ಸ್ಫಾಕ್ಸ್‌ನ ದೊಡ್ಡ ಬಂದರಿನ ಇಂಜಿನಿಯರುಗಳು ಈ ಕಾರ್ಡು ಬೇಡ ಎಂದು ಬರೆದಾಗ ಅವರ ವ್ಯಾಕರಣದ ತಪ್ಪುಗಳಿಗೆ ಕೆಂಪು ಗೆರೆ ಎಳೆದು ಸಲ್ವಾಗೆ ತೋರಿಸಿದ್ದ.

ಈ ಯಂತ್ರದಲ್ಲಿ ಅವನಿಗೆ ಪ್ರೀತಿ ಇದ್ದದ್ದು ಒಂದೇ ಒಂದು ಸಾಲಿನ ಮೇಲೆ. ವಿದ್ಯುತ್ ಕೊಟ್ಟಾಗ ಮೊದಲು ಏಳುವುದು ಕರ್ನೆಲ್ ಎಂಬ ಮೂಲ ಪ್ರೋಗ್ರಾಮು. ಯಂತ್ರದೊಳಗಿನ ಮಿಕ್ಕವರೆಲ್ಲ ಅದರ ಕೈಕೆಳಗಿನವರು. ಅದು ಏಳುವುದಕ್ಕೆ ಸ್ವಲ್ಪ ಮುಂಚೆ, ಸರಿಯಾದ ಹೊತ್ತಿಗೆ ಕೀಲಿ ಒತ್ತಿದರೆ, ಕಪ್ಪು ಪರದೆಯ ಮೇಲೆ ಒಂದು ಸಾಲು ತೆರೆದುಕೊಳ್ಳುತ್ತದೆ. ಆ ಸಾಲಿನ ಕೊನೆಯಲ್ಲಿ ಏನು ಬರೆದರೆ ಅದನ್ನು ಓದಿಕೊಂಡು ಕರ್ನೆಲ್ ಏಳುತ್ತದೆ. ಇಷ್ಟೇ ಮೆಮೊರಿ ಮುಟ್ಟು, ಒಂದೇ ಪ್ರೊಸೆಸರ್ ಬಳಸು, ವಿದ್ಯುತ್ ಉಳಿಸುವ ಜಾಣತನ ಬೇಡ. ಹೇಳಿದ್ದನ್ನು ಯಂತ್ರ ಆರಿಸುವವರೆಗೂ ಮೀರುವುದಿಲ್ಲ. ಗೊತ್ತಿಲ್ಲದ ಪದ ಬರೆದರೆ ಯಾಕೆ ಬರೆದೆ ಎಂದು ಕೇಳದೆ ಬಿಟ್ಟುಬಿಡುತ್ತದೆ. ಮನೆಯಲ್ಲಿ, ಕಚೇರಿಯಲ್ಲಿ, ಎಲ್ಲಿಯೂ ಹೀಗೆ ತನ್ನ ಮಾತನ್ನು ಎದುರಾಡದೆ ಕೇಳಿದವರಿರಲಿಲ್ಲ. ಟ್ಯೂನಿಸ್‌ನಲ್ಲಿ ಒಂದು ಸಂದರ್ಶನದಲ್ಲಿ ಮೂವರು ಕೂತಿದ್ದರು, ನಡುವಿನವನು ಉಗುರು ಕತ್ತರಿಸಿಕೊಂಡ ಬೆರಳುಗಳನ್ನು ಹರಡಿ ನೋಡಿಕೊಳ್ಳುತ್ತ ಇದೇ ಸಾಲಿನ ಬಗ್ಗೆ ಕೇಳಿದ್ದ. ನೌಫೆಲ್ ಉದ್ದಕ್ಕೆ ಉತ್ತರ ಹೇಳಿದ್ದ. ಆತ ತಲೆ ಎತ್ತದೆ, 'ಓದಿಕೊಂಡಿದೀರಿ. ಕೈಯಿಟ್ಟು ಮಾಡಿಲ್ಲ' ಅಂದಿದ್ದ. ಆ ಬೆರಳುಗಳು ಎಷ್ಟು ಚೊಕ್ಕಟವಾಗಿದ್ದವು. ಆಮೇಲೆ ಈ ಬಂದರು, ಈ ವಾಸನೆ, ಈ ಜನ.

ಹೊಸ ಯಂತ್ರ ಬಂದ ಮೊದಲ ಚಳಿಗಾಲದಲ್ಲೇ ಬೀಳತೊಡಗಿತ್ತು. ಎಲ್ಲೋ ಒಳಗೆ ಆ ಕಾರ್ಡಿಗೂ ಕರ್ನೆಲ್‌ಗೂ ಆಗಿಬರುತ್ತಿರಲಿಲ್ಲ. ವಾರಕ್ಕೊಮ್ಮೆಯೋ ಎರಡು ಸಲವೋ ಕರ್ನೆಲ್ ಕೈಚೆಲ್ಲಿಬಿಡುತ್ತಿತ್ತು, ಪರದೆಯ ತುಂಬ ಬಿಳಿ ಅಕ್ಷರ ಸುರಿದು ಎಲ್ಲವೂ ನಿಂತಲ್ಲೇ ನಿಲ್ಲುತ್ತಿತ್ತು. ಇದಕ್ಕೆ ಪ್ಯಾನಿಕ್ ಎಂದೇ ಹೆಸರು. ನೌಫೆಲ್ ಎಲ್ಲರೂ ಹೋದ ಮೇಲೆ ಕೂತು, ಸಾಲಿಗೆ ಒಂದೊಂದು ಪದ ಸೇರಿಸಿ, ಯಂತ್ರವನ್ನು ಏಳಿಸಿ, ದಿನಗಟ್ಟಲೆ ಕಾದ. ಒಂದೇ ಪ್ರೊಸೆಸರ್ ಅಂದ, ಬಿತ್ತು. ಅರ್ಧ ಮೆಮೊರಿ ಅಂದ, ಬಿತ್ತು. ಸ್ಫಾಕ್ಸ್‌ಗೆ ಫೋನು ಮಾಡಿ ಕೇಳಬಹುದಿತ್ತು. ಕೆಂಪು ಗೆರೆ ಎಳೆದವರನ್ನು ಕೇಳುವುದೆ? ಕಡೆಗೊಂದು ಸಂಜೆ ಹುಡುಕುವುದನ್ನು ನಿಲ್ಲಿಸಿ ಎರಡು ಪದ ಬರೆದ. ಒಂದು 'ಕ್ವಾಯೆಟ್', ಅಂದರೆ ಏಳುವಾಗ ಸದ್ದು ಮಾಡಬೇಡ, ಪರದೆ ಕಪ್ಪಾಗಿಯೇ ಇರಲಿ. ಇನ್ನೊಂದು 'ಪ್ಯಾನಿಕ್', ಅದರ ಮುಂದೆ ಐದು, ಅಂದರೆ ಬಿದ್ದರೆ ಐದು ಸೆಕೆಂಡ್ ಕಾದು ನೀನೇ ಏಳು, ಯಾರನ್ನೂ ಕರೆಯಬೇಡ. ಯಂತ್ರ ಹೇಳಿದಂತೆ ಕೇಳಿತು. ಬೀಳುತ್ತಿತ್ತು, ಏಳುತ್ತಿತ್ತು, ಸದ್ದಿಲ್ಲ. ಪೂರ್ತಿ ಎದ್ದು ಮತ್ತೆ ಸಮುದ್ರಕ್ಕೆ ಕಿವಿಗೊಡಲು ಎರಡು ಮೂರು ನಿಮಿಷ ಹಿಡಿಯುತ್ತಿತ್ತು. ಯಾರಿಗೂ ಗೊತ್ತಾಗಲಿಲ್ಲ. ಆರು ತಿಂಗಳಿಂದ ಒಂದು ದೂರೂ ಇಲ್ಲ ಎಂದು ಸಿ ತೈಯೆಬ್ ಮೇಲಿನವರಿಗೆ ಬರೆದ. ಗೊತ್ತಾಗದ್ದಕ್ಕೇ ನೌಫೆಲ್ ಅವರನ್ನು ಇನ್ನಷ್ಟು ಕೀಳಾಗಿ ಕಂಡ.

ಗೊತ್ತಾದದ್ದು ಮೊಂಜಿಯೊಬ್ಬನಿಗೆ. ಅದೂ ಗೊತ್ತಾದದ್ದು ಎನ್ನಬಹುದಾದರೆ. ಒಂದು ಬೆಳಿಗ್ಗೆ ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಬಂದು, 'ಯಾರೂ ಕೂಗದೆ ಇದ್ದಾಗ್ಲೂ ಸ್ಪೀಕರ್‌ನಲ್ಲಿ ಒಂದು ಸುಯ್ ಅನ್ನೋ ಸದ್ದಿರುತ್ತಲ್ಲ ಮಗಾ, ಒಂದೊಂದ್ಸಲ ಅದೂ ಇರಲ್ಲ. ಸತ್ತೋದಂಗಿರುತ್ತೆ. ಆಮೇಲೆ ಮತ್ತೆ ಬರುತ್ತೆ' ಅಂದಿದ್ದ. ಮರುದಿನ ನೌಫೆಲ್ ಔಷಧಿ ಅಂಗಡಿಯಿಂದ ಕಿವಿಗೆ ಹಾಕುವ ಹತ್ತಿಕಡ್ಡಿಯ ಡಬ್ಬಿ ತಂದು, ಬಣ್ಣದ ಕಾಗದ ಸುತ್ತಿಸಿ, ಎಲ್ಲರೆದುರು ಮೊಂಜಿಯ ಕೈಗೆ ಕೊಟ್ಟ. 'ಮೊಂಜಿ ಮಾಮ, ಮೌನದ ಸದ್ದು ಕೇಳೋ ಕಿವಿ. ಜೋಪಾನವಾಗಿಟ್ಕೊಳ್ಳಿ.' ಸಲ್ವಾ ನಗು ತಡೆಯಲಾರದೆ ಚಹಾ ಚೆಲ್ಲಿಕೊಂಡಳು. ಆಮೇಲೆ ಮೊಂಜಿ ಸದ್ದಿನ ಮಾತೆತ್ತಲಿಲ್ಲ. ಡಬ್ಬಿಯನ್ನು ಮನೆಗೆ ಒಯ್ದನಂತೆ, ಮೊಮ್ಮಗಳಿಗೆ ಬೇಕಾಗುತ್ತದೆ ಎಂದು.

ಹೋದ ತಿಂಗಳ ಒಂದು ಮುಂಜಾವ ಮೀನುಗಾರ ರಾಯಿಸ್ ಬಶೀರ್‌ನ ದೋಣಿಯ ಎಂಜಿನ್ ಮರಳುದಿಬ್ಬದ ಆಚೆ ನಿಂತುಹೋಯಿತು. ಬ್ಯಾಟರಿಯೂ ಸಾಯುತ್ತ ಬಂದಿತ್ತು. ಮೂರು ಸಲ ಬಂದರನ್ನು ಕೂಗುವಷ್ಟರಲ್ಲಿ ದೋಣಿಯ ರೇಡಿಯೋ ಬಾಯಿ ಮುಚ್ಚಿತು. ಬಂದರಿನಿಂದ ಉತ್ತರವಿಲ್ಲ. ಗಾಳಿ ಎಳೆದತ್ತ ಹೋಗಿ, ಬಿಸಿಲೇರಿದ ಮೇಲೆ ಇನ್ನೊಂದು ಮೀನುದೋಣಿಯ ಕಣ್ಣಿಗೆ ಬಿದ್ದು, ಅದು ಹಗ್ಗ ಕಟ್ಟಿ ಎಳೆಯುವಾಗ ಬಶೀರ್‌ನ ತಂಗಿಯ ಮಗ ಹಮ್ಮಾದಿಯ ಎರಡು ಬೆರಳು ಹಗ್ಗದ ಉರುಳಿಗೆ ಸಿಕ್ಕಿ ತುಂಡಾದವು. ದಡಕ್ಕೆ ಬಂದ ಬಶೀರ್ ನೇರ ಕಚೇರಿಗೆ ನುಗ್ಗಿ ಮೊಂಜಿಯ ಅಂಗಿ ಹಿಡಿದು, ನಿದ್ದೆ ಮಾಡ್ತಿದ್ಯಾ ಮುದಿಯಾ ಎಂದು ಬಂದರಿಗೆಲ್ಲ ಕೇಳುವಂತೆ ಬೈದ. ಎಚ್ಚರ ಇದ್ದೆ, ಏನೂ ಕೇಳಿಸಲಿಲ್ಲ ಎಂದು ಮೊಂಜಿ ಹೇಳುತ್ತಲೇ ಇದ್ದ. ನೌಫೆಲ್ ಯಂತ್ರದ ಕೋಣೆಗೆ ಹೋಗಿ ನೋಡಿದ. ಆ ಮುಂಜಾವ, ಬಶೀರ್ ಕೂಗಿದ ಹೊತ್ತಿಗೇ, ಯಂತ್ರ ಬಿದ್ದಿತ್ತು, ಎದ್ದಿತ್ತು. ಹೊರಗೆ ಬಂದಾಗ ಬಶೀರ್‌ನ ಕೈಯಲ್ಲಿದ್ದ ಮೊಂಜಿಯ ಅಂಗಿಯ ಒಂದು ಗುಂಡಿ ಕಿತ್ತು ನೆಲಕ್ಕೆ ಉರುಳಿತ್ತು. ನೌಫೆಲ್ ಅದನ್ನು ದಾಟಿಕೊಂಡು ಹೋಗಿ ತನ್ನ ಕುರ್ಚಿಯಲ್ಲಿ ಕೂತ.

ಈಗ ಬಾಗಿಲು ತಟ್ಟಿದ ಸದ್ದು. ಮೊಂಜಿಯೇ. ಒಂದು ಕೈಯಲ್ಲಿ ಕಾಗದದಲ್ಲಿ ಸುತ್ತಿದ ಬ್ರೆಡ್ಡು. ಒಳಗೆ ಟ್ಯೂನಾ ಮೀನು, ಬೇಯಿಸಿದ ಮೊಟ್ಟೆ, ಕೆಂಪು ಹರೀಸಾ ಖಾರ, ಎಣ್ಣೆ ಕಾಗದ ದಾಟಿ ಅವನ ಮಣಿಕಟ್ಟಿಗೆ ಇಳಿಯುತ್ತಿತ್ತು. ಆ ಎಣ್ಣೆಯ ಕೈಯಲ್ಲೇ ಬಾಗಿಲ ಹಿಡಿ ಹಿಡಿದಿದ್ದ. ನೌಫೆಲ್ ಹಿಡಿಯನ್ನೇ ನೋಡಿದ.

'ಅರ್ಧ ತಿನ್ನು ಮಗಾ. ನಿನ್ನ ಹೆಂಡ್ತಿ ಬೆಳಿಗ್ಗೆ ಏನೂ ಹಾಕಲ್ಲ ಅಂತ ನಿನ್ನ ಮುಖಾನೇ ಹೇಳುತ್ತೆ.'

'ನಂಗೆ ಬೇಡ.'

'ಬೇಡ ಅಂದ್ರೆ ಬೇಡ. ಇಲ್ಲಿಡ್ತೀನಿ.' ಇಡಲು ಜಾಗ ಹುಡುಕಿ, ಯಂತ್ರದ ಮೇಲೆ ಇಡಬಾರದೆಂದು ತೋರಿ, ಕೈಯಲ್ಲೇ ಹಿಡಿದುಕೊಂಡು ನಿಂತ. 'ಒಂದು ಮಾತು ಕೇಳ್ಲಾ? ನೀನು ಓದಿದೋನು. ಆ ಸ್ಪೀಕರ್ ಸತ್ತುಹೋಗೋದು ಸಾಧ್ಯಾನಾ ಇಲ್ವಾ? ಇಲ್ಲ ಅಂತ ನೀನು ಹೇಳ್ಬಿಟ್ರೆ ನಾನು ಒಪ್ಕೊಂಡ್ಬಿಡ್ತೀನಿ, ಮಲಗಿದ್ದೆ ಅಂತ. ನಂಗೇ ಈಗೀಗ ಹಾಗನ್ಸುತ್ತೆ. ಕಣ್ಣು ಬಿಟ್ಕೊಂಡೇ ನಿದ್ದೆ ಹೋಗಿದ್ನೇನೋ. ನಮ್ಮಪ್ಪ ಕೊನೆಕೊನೇಲಿ ಹಾಗಾಗಿದ್ದ, ಮಾತಾಡ್ತಾ ಮಾತಾಡ್ತಾ ಎಲ್ಲೋ ಹೋಗ್ಬಿಡೋನು. ಅದು ನಂಗೂ ಬಂತೇನೋ ಅಂತ ಮನೇಲಿ ಹೇಳಿಲ್ಲ.'

ಮೂರ್ಖ, ಎಂದುಕೊಂಡ ನೌಫೆಲ್. ತನ್ನ ಕಿವಿಯನ್ನೇ ನಂಬದ ಮೂರ್ಖ. ಆ ಮುಖದ ಮೇಲೆ ಬಿಳಿ ಕುರುಚಲು ಗಡ್ಡ, ತುಟಿಯ ಕೊನೆಯಲ್ಲಿ ಮೊಟ್ಟೆಯ ಹಳದಿ, ಕಣ್ಣಿನಲ್ಲಿ ವೈದ್ಯನ ಮುಂದೆ ಕೂತ ರೋಗಿಯ ಕಾತರ. ಇಷ್ಟು ನಂಬಿಕೆಯಿಂದ ನೋಡಿದರೆ ಯಾರಿಗಾದರೂ ಒದೆಯಬೇಕೆನಿಸುತ್ತದೆ. 'ಒಳಗೆ ಕೇಳ್ತಾರಲ್ಲ, ಆಗ ಹೇಳ್ತೀನಿ' ಅಂದ. ಮೊಂಜಿ ತಲೆಯಾಡಿಸಿ, 'ನೀನು ಹೇಳಿದ್ಹಾಗೆ' ಎಂದು ಬ್ರೆಡ್ಡು ಹಿಡಿದುಕೊಂಡೇ ಹೋದ.

ಅಧಿಕಾರಿಯ ಹೆಸರು ಮದಾಮ್ ದೊರ್ರಾ. ನೆಗಡಿ ಹಿಡಿದಿತ್ತು; ಪ್ರತಿ ಪ್ರಶ್ನೆಯ ಹಿಂದೆ ಕರವಸ್ತ್ರ ಮೂಗಿಗೆ ಹೋಗುತ್ತಿತ್ತು. ಸಂಜೆಯೊಳಗೆ ಟ್ಯೂನಿಸ್ ಸೇರಬೇಕೆಂಬುದು ಅವಳು ಕೂತ ರೀತಿಯಲ್ಲೇ ಇತ್ತು, ಕುರ್ಚಿಯ ತುದಿಯಲ್ಲಿ, ಕೋಟು ಬಿಚ್ಚದೆ. ಒಂದು ಕಡೆ ಬಶೀರ್, ಹೊಸೆದ ಹಗ್ಗದಂಥ ಕೈಗಳನ್ನು ಮಂಡಿಯ ಮೇಲಿಟ್ಟು, ಅವನ ಪಕ್ಕದಲ್ಲಿ ಬಟ್ಟೆ ಸುತ್ತಿದ ಕೈಯ ಹಮ್ಮಾದಿ, ಎದುರಿಗೆ ಮೊಂಜಿ. ನೌಫೆಲ್ ಒಳಗೆ ಬಂದಾಗ ಸಿ ತೈಯೆಬ್ ಟೈಯ ಗಂಟು ಮುಟ್ಟಿಕೊಂಡು, ನಮ್ಮ ಇಂಜಿನಿಯರು, ಎಂದ.

'ನಿಮ್ಮ ಯಂತ್ರ ನಿಂತುಹೋಗೋ ಸಾಧ್ಯತೆ ಇದೆಯಾ?' ಮದಾಮ್ ಕೇಳಿದಳು. 'ಇದೆ ಅಥವಾ ಇಲ್ಲ.'

ಇದೆ ಎಂಬ ಎರಡಕ್ಷರ ಬಾಯಿಯಲ್ಲಿ ತಯಾರಿತ್ತು. ಆದರೆ ಬಾಯಿ ತೆರೆದಾಗ ಬಂದದ್ದು ಇಸ್ತ್ರಿ ಮಾಡಿದ ಬೇರೊಂದು ಭಾಷೆ. 'ಕರ್ನೆಲ್ ಮಟ್ಟದಲ್ಲಿ ಪರಿಹರಿಸಲಾಗದ ದೋಷ ಸಂಭವಿಸಿದ ಪಕ್ಷದಲ್ಲಿ, ಬೂಟ್ ಸಾಲಿನಲ್ಲಿ ನೀಡಲಾಗಿರುವ ನಿಯತಾಂಕದ ಪ್ರಕಾರ, ಪ್ಯಾನಿಕ್ ಸ್ಥಿತಿಯಿಂದ ಯಂತ್ರವು ಸ್ವಯಂಚಾಲಿತವಾಗಿ ಪುನರಾರಂಭಗೊಳ್ಳುವಂತೆ ವ್ಯವಸ್ಥೆ ಮಾಡಲಾಗಿದೆ.'

'ಅಂದ್ರೆ ಬಿದ್ರೂ ತಾನೇ ಏಳುತ್ತೆ.'

'ತಾನೇ ಏಳುತ್ತೆ.'

'ಒಳ್ಳೇದು. ಇದನ್ನ ಮಾಡಿದ್ದು ನೀವೇನಾ?'

'ಎಲ್ಲಾ ಅವನೇ ಮದಾಮ್' ಎಂದು ಸಿ ತೈಯೆಬ್ ಮುಂದಕ್ಕೆ ಬಾಗಿದ. 'ಇಂಥೋನು ನಿಮಗೆ ಟ್ಯೂನಿಸ್‌ನಲ್ಲೂ ಸಿಗಲ್ಲ.'

ಮದಾಮ್ ಬರೆದುಕೊಂಡಳು. ನೌಫೆಲ್ ಅವಳ ಬಾಗಿದ ತಲೆಯ ಬೈತಲೆಯನ್ನು ನೋಡಿದ, ಬಣ್ಣ ಹಚ್ಚಿದ ಕೂದಲ ಬುಡದಲ್ಲಿ ಬೆರಳಗಲ ನರೆ. ಇಷ್ಟು ಸುಲಭವೆ? ನಾನು ಎಲ್ಲವನ್ನೂ ಹೇಳಿದ್ದೇನೆ, ಒಂದು ಸುಳ್ಳಿಲ್ಲ, ಬಿಚ್ಚಿ ಮೇಜಿನ ಮೇಲಿಟ್ಟಿದ್ದೇನೆ, ಈ ಪೆದ್ದರಿಗೆ ಎತ್ತಿಕೊಳ್ಳಲು ಬರದಿದ್ದರೆ ನಾನೇನು ಮಾಡಲಿ? ಹೀಗೆ ಯೋಚಿಸಿದ ಮರುಗಳಿಗೆಯಲ್ಲೇ ಅವನಿಗೆ ತಿಳಿಯಿತು, ಅವರಿಗೆ ತಿಳಿಯಬಾರದೆಂದೇ ತಾನು ಆ ಪದಗಳನ್ನು ಒಂದೊಂದಾಗಿ ಆರಿಸಿದ್ದು. ಸಂದರ್ಶನದ ಆ ಚೊಕ್ಕಟ ಬೆರಳಿನವನಾಗಿದ್ದರೆ ಒಂದೇ ಪ್ರಶ್ನೆಯಲ್ಲಿ ಹಿಡಿದುಬಿಡುತ್ತಿದ್ದ. ಮದಾಮ್ ಮೊಂಜಿಯ ಕಡೆ ತಿರುಗಿ, ಯಂತ್ರದ್ದೇನೂ ಇಲ್ಲವೆಂದ ಮೇಲೆ ರೇಡಿಯೋ ಕೆಲಸದಿಂದ ತೆಗೆಯಬೇಕಾಗುತ್ತದೆ, ಐಸ್ ಕಾರ್ಖಾನೆಯ ಗೇಟಿನಲ್ಲಿ ಜಾಗ ಇದೆಯಂತೆ, ನಿವೃತ್ತಿಯವರೆಗೆ ಅಲ್ಲಿರಿ, ಎಂದಳು. ದಯೆಯಿಂದಲೇ ಹೇಳಿದಳು. ಮೊಂಜಿ ಆಯಿತು ಎಂದು ಎದ್ದ. ಬಾಗಿಲ ಬಳಿ ಹಮ್ಮಾದಿಯ ಮುಂದೆ ನಿಂತು, ಆ ಬಟ್ಟೆ ಸುತ್ತಿದ ಕೈ ನೋಡಿ, ಹೊರಗೆ ಹೋದ.

ನೌಫೆಲ್ ಹೊರಗೆ ಬಂದಾಗ ಮೊಂಜಿ ಕಚೇರಿಯ ಮುಂದಿನ ಸಿಮೆಂಟು ಕಟ್ಟೆಯ ಮೇಲೆ ಕೂತಿದ್ದ. ಎದುರಿಗೆ ಬಲೆ ಒಣಗಿಸುತ್ತಿದ್ದವರು ಅವನನ್ನು ನೋಡಿಯೂ ನೋಡದಂತಿದ್ದರು. ದಾಟಿ ಹೋಗಿಬಿಡಬಹುದಿತ್ತು.

'ಮಗಾ, ನೀನು ಒಳಗೆ ಏನೋ ಅಂದ್ಯಲ್ಲ, ಬೀಳುತ್ತೆ ಏಳುತ್ತೆ ಅಂತ.'

'ಹೂಂ.'

'ಬಿದ್ದಿರೋವಾಗ ಅದಕ್ಕೆ ಕೇಳಿಸುತ್ತಾ?'

ಬಲೆಯವರಲ್ಲಿ ಒಬ್ಬ ಹಾಡು ಗುನುಗುತ್ತಿದ್ದ. ನೌಫೆಲ್ ಅವನನ್ನು ನೋಡಿದ, ಮರದ ತೊಟ್ಟಿಯಲ್ಲಿ ಕುಳಿತ ಕಡಲಹಕ್ಕಿಯನ್ನು ನೋಡಿದ. ಈ ಪ್ರಶ್ನೆಗೆ ಇಸ್ತ್ರಿ ಮಾಡಿದ ಉತ್ತರವಿರಲಿಲ್ಲ.

'ಇಲ್ಲ' ಅಂದ.

'ಎಷ್ಟೊತ್ತು?'

'ಎರಡ್ಮೂರು ನಿಮಿಷ.'

'ಅವತ್ತೂ ಬಿದ್ದಿತ್ತಾ?'

'ಬಿದ್ದಿತ್ತು.'

ಬೈಯುತ್ತಾನೆ, ಎದ್ದು ಅಂಗಿ ಹಿಡಿಯುತ್ತಾನೆ ಎಂದು ನೌಫೆಲ್ ಕಾದ. ಅದಕ್ಕೆ ಕೊಡಬೇಕಾದ ಮುಖವನ್ನೂ ಸಿದ್ಧ ಮಾಡಿಕೊಂಡ. ಮೊಂಜಿ ಎರಡೂ ಅಂಗೈಯಿಂದ ಮುಖ ಮುಚ್ಚಿಕೊಂಡ. ಭುಜ ಅಲುಗಿತು. ಅಳುತ್ತಿದ್ದಾನೆ ಎಂದುಕೊಂಡರೆ ಕೈ ತೆಗೆದಾಗ ನಗುತ್ತಿದ್ದ, ಕಣ್ಣಲ್ಲಿ ನೀರಿತ್ತು. 'ನಾನು ಮಲಗಿರ್ಲಿಲ್ಲ' ಅಂದ. 'ಮಲಗಿರ್ಲಿಲ್ಲ ಹಾಗಾದ್ರೆ. ನಮ್ಮಪ್ಪಂದು ನಂಗೆ ಬಂದಿಲ್ಲ.' ಸ್ವಲ್ಪ ಹೊತ್ತು ಆ ಸಂತೋಷದಲ್ಲೇ ಇದ್ದ; ಅದು ನೌಫೆಲ್‌ಗೆ ಕೆನ್ನೆಗೆ ಹೊಡೆದದ್ದಕ್ಕಿಂತ ಅಸಹ್ಯವಾಗಿತ್ತು. ಆಮೇಲೆ ನಗು ಅಂಗಡಿ ಮುಚ್ಚುವಂತೆ ಸ್ವಲ್ಪಸ್ವಲ್ಪವಾಗಿ ಮುಚ್ಚಿಕೊಂಡಿತು.

'ಯಾವಾಗಿನಿಂದ ಗೊತ್ತು ಹೀಗೆ ಬೀಳುತ್ತೆ ಅಂತ?'

'ಮೊದ್ಲಿಂದ.'

'ನಾನು ಬಂದು ಹೇಳಿದಾಗ?'

'ಗೊತ್ತಿತ್ತು.'

ಮೊಂಜಿ ಎದ್ದು ಪ್ಯಾಂಟಿನ ಹಿಂಭಾಗದ ಧೂಳು ಕೊಡವಿಕೊಂಡ. ಅವಸರವಿಲ್ಲದೆ ಕೊಡವಿಕೊಂಡ. 'ಇಂಜಿನಿಯರ್ರೇ' ಅಂದ, 'ನಿಮಗೆ ತೊಂದ್ರೆ ಇಲ್ಲಾಂದ್ರೆ ಒಳಗೆ ಹೋಗಿ ಇದನ್ನೇ ಹೇಳ್ತೀರಾ? ನಂಗೆ ಹೇಳಿದ ಮಾತಲ್ಲಿ. ಬಶೀರ್ ಇರೋವಾಗ್ಲೇ.'

ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಅವನು ನೀವು ಅಂದದ್ದು. ನೌಫೆಲ್ ಆ ಕ್ಷಣ ಬಯಸಿದ್ದು ಎಷ್ಟು ಬೈಗುಳವಾದರೂ ಸರಿ, ಆದರೆ ನೀನು ಎಂದು ಬೈಯಲಿ ಎಂದು. ಅದನ್ನು ಬಯಸಿದ್ದಕ್ಕೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಒಳಗೆ ಮದಾಮ್ ಕೈಚೀಲ ಹೆಗಲಿಗೆ ಹಾಕಿಕೊಂಡಿದ್ದಳು. ನೌಫೆಲ್ ಬಾಗಿಲಲ್ಲೇ ನಿಂತು ಹೇಳಿದ. ಯಂತ್ರ ಬೀಳುತ್ತಿತ್ತು, ನಾನು ಅದನ್ನು ಮುಚ್ಚಿಟ್ಟೆ, ಬಶೀರ್ ಕೂಗಿದಾಗ ಅದು ಬಿದ್ದಿತ್ತು, ಮೊಂಜಿ ಮಾಮ ಎಚ್ಚರವಾಗೇ ಇದ್ದರು. ನಾಲ್ಕೇ ಮಾತು. ಹೇಳಿ ಮುಗಿಸಿದಾಗ ತನ್ನೊಳಗೆ ಏನೋ ದೊಡ್ಡದು ನಡೆಯುತ್ತದೆ, ಹಗುರಾಗುತ್ತದೆ, ಎಂದು ಎಲ್ಲೋ ನಂಬಿದ್ದ. ಏನೂ ಆಗಲಿಲ್ಲ. ಸಲ್ವಾ ಬಿಸ್ಕತ್ತಿನ ತಟ್ಟೆ ಹಿಡಿದುಕೊಂಡು ನಿಂತಿದ್ದಳು. 'ಅವನಿಗೆ ಮೈ ಸರಿಯಿಲ್ಲ ಮದಾಮ್' ಎಂದು ಸಿ ತೈಯೆಬ್ ಹೇಳಿದ. ಮದಾಮ್ ಉಸಿರು ಬಿಟ್ಟು ಕೈಚೀಲ ಇಳಿಸಿ, ಮತ್ತೆ ಕೂತು, 'ಇನ್ನೊಂದ್ಸಲ ಹೇಳಿ. ನಿಧಾನಕ್ಕೆ. ಬರ್ಕೋಬೇಕು' ಅಂದಳು. ಅವಳ ಕಣ್ಣಿನಲ್ಲಿ ಕೋಪವಿರಲಿಲ್ಲ. ರಸ್ತೆಯಲ್ಲಿ ಟೈರಿಗೆ ಮೊಳೆ ಚುಚ್ಚಿದಾಗ ಮೊಳೆಯನ್ನು ನೋಡುತ್ತಾರಲ್ಲ, ಹಾಗೆ ನೋಡಿದಳು. ಬಶೀರ್ ಎದ್ದ. ನೌಫೆಲ್‌ನ ಮುಂದೆಯೇ ಹಾದುಹೋದ, ಅವನು ಅಲ್ಲಿ ಇಲ್ಲವೆಂಬಂತೆ. ಕಿಟಕಿಯಿಂದ ಕಂಡಿತು: ಕಟ್ಟೆಯ ಬಳಿ ನಿಂತ ಮೊಂಜಿಯ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಬಶೀರ್ ನೆತ್ತಿಗೆ ಮುತ್ತಿಟ್ಟ. ಬಲೆಯವರು ಕೆಲಸ ನಿಲ್ಲಿಸಿ ಎದ್ದು ನಿಂತರು. ಒಳಗೆ ಉಳಿದ ಹಮ್ಮಾದಿ ಮಾತ್ರ ನೌಫೆಲ್‌ನನ್ನು ನೋಡುತ್ತ, 'ಒಂದು ಫೋನು ಮಾಡಿ ಯಾರನ್ನಾದ್ರೂ ಕೇಳ್ಬಹುದಿತ್ತಲ್ಲ' ಅಂದ. ಅಷ್ಟೇ ಅಂದ.

ನೌಫೆಲ್‌ನನ್ನು ಕೆಲಸದಿಂದ ತೆಗೆಯಲಿಲ್ಲ. ತೆಗೆದಿದ್ದರೆ ಅದರಲ್ಲೊಂದು ಘನತೆಯಾದರೂ ಇರುತ್ತಿತ್ತು. ಅವನ ಜಾಗಕ್ಕೆ ಈ ಊರಿಗೆ ಬರುವವರು ಯಾರೂ ಇರಲಿಲ್ಲವಷ್ಟೆ. ಎಚ್ಚರಿಕೆಯ ಒಂದು ಪತ್ರ ಬಂತು. ಮೊಂಜಿ ತನ್ನ ಕುರ್ಚಿಯಲ್ಲೇ ಉಳಿದ. ಉಗ್ರಾಣದಿಂದ ಬೂದು ರೇಡಿಯೋ ತರಿಸಿ, ಒರೆಸಿ, ಸ್ಪೀಕರಿನ ಪಕ್ಕದಲ್ಲಿಟ್ಟು ಆಂಟೆನಾದ ತಂತಿಯನ್ನು ಅದಕ್ಕೂ ಸಿಕ್ಕಿಸಿಕೊಂಡ. ಹೊಸ ಕಾರ್ಡು ಹೊರದೇಶದಿಂದ ಬರಬೇಕು, ಬರುವವರೆಗೆ ಯಂತ್ರ ಬೀಳುತ್ತಲೇ ಇರುತ್ತದೆ ಎಂದು ಸ್ಫಾಕ್ಸ್‌ನವರು ಫೋನಿನಲ್ಲಿ ಹೇಳಿದರು. ಬಹಳ ವಿನಯವಾಗಿ ಹೇಳಿದರು. ಬಿದ್ದರೆ ಬಿದ್ದೇ ಇರಲಿ, ನನ್ನ ಕಣ್ಣಿಗೆ ಕಾಣಬೇಕು ಎಂದು ಮೊಂಜಿ ಕೇಳಿದ. ಮದಾಮ್ ಅದನ್ನೇ ಆದೇಶ ಮಾಡಿದಳು. ಸಣ್ಣ ಪರದೆ ಅವನ ಮೇಜಿಗೆ ಹೋಯಿತು. ನೌಫೆಲ್ ಸಾಲನ್ನು ತೆರೆದು, ಎರಡು ಪದಗಳನ್ನೂ ಅಕ್ಷರ ಅಕ್ಷರವಾಗಿ ಅಳಿಸಿದ. ಸಿ ತೈಯೆಬ್ ಬೆನ್ನ ಹಿಂದೆ ನಿಂತು ನೋಡುತ್ತಿದ್ದ, ಏನೂ ಅರ್ಥವಾಗದೆ, ಆದರೆ ನೋಡುತ್ತಿದ್ದ.

ಈಗ ಯಂತ್ರ ಬಿದ್ದರೆ ನೌಫೆಲ್ ಬಂದು ಏಳಿಸಬೇಕು. ಮೊಂಜಿ ಒಮ್ಮೆಯೂ ಬೇರೆಯವರನ್ನು ಕಳಿಸಿ ಕರೆಸಿದ್ದಿಲ್ಲ. ತಾನೇ ಬರುತ್ತಾನೆ. ಹೋದ ವಾರ ಬಂದರಿನ ಕಾಫಿ ಅಂಗಡಿಯಲ್ಲಿ, ಬೆಳಗಿನ ಗಿರಾಕಿಗಳು ತುಂಬಿದ್ದಾಗ, ಬಾಗಿಲಲ್ಲಿ ನಿಂತು ಟೋಪಿ ತೆಗೆದ. ಮೇಜುಗಳ ನಡುವೆ ದಾರಿ ಮಾಡಿಕೊಂಡು ಬಂದು ನಿಂತ. ಡಾಮಿನೋ ಆಡುತ್ತಿದ್ದವರು ಕಾಯಿಗಳನ್ನು ಕೈಯಲ್ಲೇ ಹಿಡಿದು ಕಾದರು.

'ಇಂಜಿನಿಯರ್ರೇ, ನಿಮ್ಮ ಯಂತ್ರ ಬಿದ್ದಿದೆ.'

ನೌಫೆಲ್ ಏಳಹೋದ.

'ಕಾಫಿ ಮುಗಿಸ್ಕೊಳ್ಳಿ. ಅವಸರ ಏನಿಲ್ಲ. ಸಲ್ವಾನ ಕೂರಿಸಿ ಬಂದಿದೀನಿ. ಹಳೇದು ಕೇಳಿಸ್ಕೊಳ್ತಾ ಇದೆ.'

ಅವನು ನಿಂತೇ ಇದ್ದ. ನೌಫೆಲ್ ಕುಡಿದ; ಬಿಸಿ ಇತ್ತು, ಕುಡಿದ. ಆಮೇಲೆ ಇಬ್ಬರೂ ಹೊರಟರು, ಮೊಂಜಿ ಮುಂದೆ, ನೌಫೆಲ್ ಹಿಂದೆ, ಒದ್ದೆ ಹಗ್ಗಗಳನ್ನೂ ಮೀನಿನ ಪೊರೆಯನ್ನೂ ದಾಟುತ್ತ. ಮುಂದೆ ಹೋಗುವ ಆ ಕುತ್ತಿಗೆಯ ಮೇಲೆ ನೌಫೆಲ್‌ನ ಕಣ್ಣು ತಾನಾಗಿಯೇ ಹೋಗಿ ಅಲ್ಲಿ ಹೇಸಿಕೊಳ್ಳಲು ಏನಾದರೂ ಇದೆಯೇ ಎಂದು ಹುಡುಕಿತು. ಇತ್ತು. ಕಾಲರಿನ ಅಂಚಿಗೆ ಬೆವರಿನ ಹಳದಿ, ಕತ್ತಿನ ಮಡಿಕೆಯಲ್ಲಿ ಎಣ್ಣೆಯ ಜಿಡ್ಡು, ಕ್ಷೌರಿಕ ಬಿಟ್ಟ ಒಂದು ಕುಚ್ಚು ಬಿಳಿ ಕೂದಲು. ಎಲ್ಲವೂ ಇದ್ದವು. ಕಚೇರಿಯ ಬಾಗಿಲವರೆಗೂ ನೋಡುತ್ತಲೇ ಹೋದ, ಒಂದೂ ಉಪಯೋಗಕ್ಕೆ ಬರಲಿಲ್ಲ.